ಆರನೇ ರೀಲಿನ ನಗು

ನಮ್ಮಣ್ಣನಿಗೆ ಬೀದಿಯವರು ಇಟ್ಟ ಹೆಸರು ರೀಲಣ್ಣ. ಇಲ್ಲದ್ದನ್ನು ಇದೆ ಎಂದು ರೀಲು ಬಿಡುವವರು ಬೀದಿಗೆ ನಾಲ್ವರು ಸಿಗುತ್ತಾರೆ. ನಮ್ಮಣ್ಣ ಬಿಡುವವನಲ್ಲ, ಹಿಡಿಯುವವನು. ಹೊಟ್ಟೆಪಾಡಿಗೆ ಕನ್ನಡಕದಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜಿ ಫ್ರೇಮಿಗೆ ಕೂರಿಸುತ್ತಾನೆ. ಮಿಕ್ಕ ಹೊತ್ತೆಲ್ಲ ಹಳೆಯ ಸಿನಿಮಾ, ಅದರಲ್ಲೂ ಒಂದೇ ಒಂದು ಸಿನಿಮಾ. ಕೆಳಗಿನ ಮನೆಯಲ್ಲಿ ನಾನು ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ, ಮಹಡಿಯ ಮೇಲಿನ ಒಂಟಿ ಕೋಣೆಯಲ್ಲಿ ಅವನಿದ್ದಾನೆ. ಮದುವೆ ಯಾಕೆ ಮಾಡಿಕೊಳ್ಳಲಿಲ್ಲ ಎಂದು ಮೊದಮೊದಲು ಕೇಳುತ್ತಿದ್ದವರು ಆ ಕೋಣೆಯನ್ನು ಒಮ್ಮೆ ನೋಡಿದ ಮೇಲೆ ಕೇಳುವುದನ್ನೇ ಬಿಟ್ಟರು. ಮಂಚದ ಕೆಳಗೆ ತಂತಿಗಳ ರಾಶಿ, ಮಂಚದ ಮೇಲೆ ಕಂಪ್ಯೂಟರು. ಅವನು ಮಲಗುವುದು ನೆಲದ ಮೇಲೆ.

ಅವನಿಗೆ ಹುಚ್ಚು ಎಂದು ನಾನೇ ಎಷ್ಟೋ ಸಲ ಅಂದಿದ್ದೇನೆ. ಅನ್ನುವ ಹಕ್ಕು ನನಗಿದೆ. ಬೇರೆಯವರು ಅಂದರೆ ಕತ್ತರಿ ಕೆಳಗಿಟ್ಟು ಜಗಳಕ್ಕೆ ನಿಲ್ಲುತ್ತೇನೆ. ಆ ಹುಚ್ಚಿನ ಬುಡದಲ್ಲಿರುವುದು ನಮ್ಮಮ್ಮ.

ಅಮ್ಮ ಸಿನಿಮಾಗಳಿಗೆ ದನಿ ಕೊಡುತ್ತಿದ್ದಳು. ಹೀಗೆ ಹೇಳಿದರೆ ದೊಡ್ಡದಾಯಿತು. ತೆರೆಯ ಮೇಲೆ ಬಸ್ ನಿಲ್ದಾಣವೋ ಆಸ್ಪತ್ರೆಯೋ ಬಂದರೆ ಹಿಂದುಗಡೆ ಜನರ ಗುಜುಗುಜು ಕೇಳುತ್ತದಲ್ಲ, ಆ ಗುಜುಗುಜು ಮಾಡುವ ಹೆಂಗಸರಲ್ಲಿ ಅವಳೂ ಒಬ್ಬಳು. ಒಂದು ಸಿನಿಮಾದ ನಾಯಕಿ ಮಾತನ್ನೆಲ್ಲ ಚೆನ್ನಾಗಿ ಆಡಿದಳಂತೆ, ನಗುವ ಕಡೆ ಬಂದಾಗ ಮಾತ್ರ ಕೆಮ್ಮಿದ ಹಾಗಾಗುತ್ತಿತ್ತಂತೆ. ನಿರ್ದೇಶಕರು ಬೇಸತ್ತು ಗುಂಪಿನ ಹೆಂಗಸರ ಕಡೆ ತಿರುಗಿ, "ನಿಮ್ಮಲ್ಲಿ ಯಾರಿಗಾದ್ರೂ ನಗೋಕೆ ಬರುತ್ತೇನ್ರಮ್ಮ?" ಎಂದು ಕೇಳಿದರಂತೆ. ಆ ಪ್ರಶ್ನೆ ಕೇಳಿಯೇ ಅಮ್ಮನಿಗೆ ನಗು ಒತ್ತರಿಸಿಕೊಂಡು ಬಂತು. ಅದನ್ನೇ ತೆಗೆದುಕೊಂಡರು. ನಾಯಕಿ ಮೆಟ್ಟಿಲು ಹತ್ತಿ, ಮೇಲಿನ ಮೆಟ್ಟಿಲಲ್ಲಿ ನಿಂತು ಹಿಂತಿರುಗಿ ಬಾಯಿ ತುಂಬ ನಗುತ್ತಾಳೆ. ಮುಖ ಅವಳದು, ನಗು ನಮ್ಮಮ್ಮನದು. ತೆರೆಯ ಮೇಲೆ ಅಮ್ಮನ ಹೆಸರು ಬರುವ ಮಾತು ಹಾಗಿರಲಿ, ಆ ನಗು ಬೇರೆಯವರದು ಎಂದು ಯಾರಿಗೂ ಗೊತ್ತೇ ಆಗಲಿಲ್ಲ.

ನನಗೆ ವರ್ಷ ತುಂಬುವ ಮೊದಲೇ ಅಮ್ಮ ಜ್ವರದಲ್ಲಿ ತೀರಿಕೊಂಡಳು. ಅಣ್ಣನಿಗೆ ಆಗ ಒಂಬತ್ತು ವರ್ಷ. ಅವಳ ಫೋಟೋಗಳಿವೆ, ಕೊರತೆಯಿಲ್ಲ. ದನಿ ಮಾತ್ರ ಆ ಸಿನಿಮಾದಲ್ಲಿ ಬಿಟ್ಟರೆ ಎಲ್ಲೂ ಇಲ್ಲ.

ಅಪ್ಪ ಕಾಗದದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. ನಾಲ್ಕು ಮಾತಿನ ಕಡೆ ಒಂದು ಮಾತಾಡುವ ಮನುಷ್ಯ. ಆ ಸಿನಿಮಾ ಥಿಯೇಟರಿಗೆ ಮತ್ತೆ ಬಂದಾಗಲೆಲ್ಲ ನನ್ನನ್ನು ಅಜ್ಜಿಯ ಮಡಿಲಿಗೆ ಹಾಕಿ, ಅಣ್ಣನ ಕೈ ಹಿಡಿದುಕೊಂಡು ಹೋಗುತ್ತಿದ್ದರು. ಮೆಟ್ಟಿಲಿನ ದೃಶ್ಯ ಮುಗಿದ ಕೂಡಲೇ "ಆಯ್ತು, ನಡಿ" ಎಂದು ಎದ್ದುಬಿಡುತ್ತಿದ್ದರಂತೆ. ಹೀಗಾಗಿ ನಮ್ಮಣ್ಣನಿಗೆ ಮೀಸೆ ಚಿಗುರುವವರೆಗೂ ಆ ಕಥೆಯ ಕೊನೆಯಲ್ಲಿ ನಾಯಕಿ ಬದುಕಿದಳೋ ಸತ್ತಳೋ ಗೊತ್ತಿರಲಿಲ್ಲ. ನನ್ನ ಸರದಿ ಬರುವಷ್ಟರಲ್ಲಿ ಥಿಯೇಟರ್ ಮುಚ್ಚಿ ಪಾತ್ರೆಗಳ ಗೋದಾಮಾಗಿತ್ತು. ಕ್ಯಾಸೆಟ್ ಬಂತು ಎಂದು ಓಡಿಹೋಗಿ ತಂದರೆ, ಸಿನಿಮಾ ಉದ್ದವಾಯಿತೆಂದು ಪುಣ್ಯಾತ್ಮರು ಆ ಮೆಟ್ಟಿಲನ್ನೇ ಕತ್ತರಿಸಿ ಹಾಕಿದ್ದರು.

"ಒಂದಲ್ಲ ಒಂದು ದಿನ ನಿಂಗೆ ಅಮ್ಮನ ನಗು ಕೇಳಿಸ್ತೀನಿ ಪುಟ್ಟಿ" ಎಂದು ಅಣ್ಣ ಚಿಕ್ಕಂದಿನಿಂದ ಹೇಳುತ್ತಲೇ ಬಂದ. ಪುಟ್ಟಿ ದೊಡ್ಡವಳಾದಳು, ಎರಡು ಹೆತ್ತಳು, ಸೂಜಿಗೆ ದಾರ ಪೋಣಿಸಲು ಅಣ್ಣನೇ ಮಾಡಿಕೊಟ್ಟ ಕನ್ನಡಕ ಹಾಕುವಂತಾದಳು. ನಗು ಬರಲಿಲ್ಲ.

ಆಮೇಲೆ ಒಂದು ದಿನ ಆ ಸಿನಿಮಾ ಹೊಸದಾಗಿ ಬರುತ್ತದೆ ಎಂದು ಸುದ್ದಿಯಾಯಿತು. ಹಕ್ಕು ಹೊಂದಿದ್ದ ಕಂಪನಿಯವರು ಹಳೆಯ ನೆಗೆಟಿವ್ ತೊಳೆದು ಬೆಳಗಿ, ಪೂರ್ತಿ ಸಿನಿಮಾ, ಒಂದು ತುಂಡೂ ಕತ್ತರಿಸದೆ ಟಿವಿಗೆ ಕೊಡುತ್ತಿದ್ದಾರೆ ಎಂದರು. ಅಣ್ಣ ಆ ಭಾನುವಾರ ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಕೆಳಗಿಳಿದು ಬಂದ. ನಮ್ಮ ಯಜಮಾನರು, "ಏನು ಭಾವ, ಹೆಣ್ಣು ನೋಡೋಕೆ ಹೊರಟಿರೋ ಹಾಗಿದೆ" ಎಂದು ಛೇಡಿಸಿದರು. ಅಣ್ಣ ನನ್ನನ್ನು ಟಿವಿಯ ಎದುರಿಗೇ ಕೂರಿಸಿಕೊಂಡ. ಚಿತ್ರ ಶುರುವಾದಾಗಿನಿಂದ ಅವನು ಗೊಣಗುತ್ತಿದ್ದ. ಸಂಜೆ ಇರಬೇಕಾದದ್ದು ಮಟಮಟ ಮಧ್ಯಾಹ್ನವಾಗಿತ್ತು, ಮುಖಗಳಿಗೆಲ್ಲ ಮೇಣ ಬಳಿದ ಹಾಗಿತ್ತು. ಹೋಗಲಿ ಬಿಡು ಎಂದು ತನಗೆ ತಾನೇ ಹೇಳಿಕೊಂಡ. ಮೆಟ್ಟಿಲು ಬಂತು. ನಾಯಕಿ ಹತ್ತಿದಳು, ತಿರುಗಿದಳು, ನಕ್ಕಳು. ನನಗೆ ಕಣ್ಣಲ್ಲಿ ನೀರು ಬಂತು. ಅಣ್ಣನ ಕಡೆ ತಿರುಗಿದರೆ ಅವನು ಎದ್ದು ನಿಂತಿದ್ದ.

"ಇದಲ್ಲ" ಎಂದ. "ಪುಟ್ಟಿ, ಇದು ಅಮ್ಮ ಅಲ್ಲ."

ಹಳೆಯ ಸೌಂಡು ಹಾಳಾಗಿತ್ತಂತೆ. ಹೇಗೂ ಹೊಸ ಕಾಲದ ಸ್ಪೀಕರುಗಳಿಗೆ ಸಾಲದು ಎಂದು ಸಂಗೀತ, ಹೆಜ್ಜೆ ಸಪ್ಪಳ, ಮಾತು ಎಲ್ಲವನ್ನೂ ಹೊಸದಾಗಿ ಮಾಡಿಸಿಬಿಟ್ಟಿದ್ದರು. ಅಣ್ಣ ಕಂಪನಿಗೆ ಫೋನು ಮಾಡಿದ. ಆ ಕಡೆಯವರು ಮರ್ಯಾದೆಯಿಂದಲೇ ಮಾತಾಡಿದರು. ಹಳೆಯದು ನಮ್ಮಲ್ಲಿಲ್ಲ, ಹೊಸದು ಇನ್ನೂ ಚೆನ್ನಾಗಿದೆಯಲ್ಲ ಸರ್, ಎಂದರು. ನಾನು ಸುರಿಸಿದ ಕಣ್ಣೀರು ಯಾವಳೋ ಗುರುತಿಲ್ಲದವಳ ಪಾಲಾಗಿತ್ತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಆಗಲೇ ಅವನಿಗೆ ತನ್ನಂಥ ಹುಚ್ಚರು ಇನ್ನೂ ಇದ್ದಾರೆಂದು ತಿಳಿದದ್ದು. ಇಂಟರ್ನೆಟ್ಟಿನಲ್ಲಿ ಅಂಥವರದೊಂದು ಗುಂಪೇ ಇತ್ತು. ಥಿಯೇಟರಿನಲ್ಲಿ ಮೊದಲ ದಿನ ಜನ ಏನು ನೋಡಿದರೋ ಏನು ಕೇಳಿದರೋ ಅದೇ ಉಳಿಯಬೇಕು, ಗೀರಿದ್ದರೆ ಗೀರು, ಕರಕರ ಸದ್ದಿದ್ದರೆ ಕರಕರ ಸದ್ದು ಎನ್ನುವ ಜನ. ಥಿಯೇಟರಿನಲ್ಲಿ ಓಡಿದ ಹಳೆಯ ಪ್ರಿಂಟು ಹುಡುಕಿ, ಫಿಲ್ಮಿನ ಒಂದೊಂದೇ ಚೌಕವನ್ನು ಫೋಟೋ ತೆಗೆದು, ಪಕ್ಕದಲ್ಲೇ ಅಚ್ಚಾಗಿರುವ ಸೌಂಡನ್ನೂ ಎತ್ತಿ ಜೋಡಿಸುತ್ತಾರೆ. ಯಾರೂ ಇವರಿಗೆ ಮಾಡಿ ಎಂದಿಲ್ಲ, ಮಾಡಿದರೆ ಶಹಬ್ಬಾಸ್ ಎನ್ನುವವರೂ ಇಲ್ಲ. ಅವರಲ್ಲಿ ನಮ್ಮ ಮನೆಗೆ ಬಂದು ಹೋಗುತ್ತಿದ್ದವರು ಮೇಷ್ಟ್ರು, ನಿವೃತ್ತ ವಿಜ್ಞಾನದ ಮೇಷ್ಟ್ರು. ಬಂದರೆ ಇಬ್ಬರೂ ಮಹಡಿಯಲ್ಲಿ ನಾಯಕಿಯ ಅಂಗಿ ನೀಲಿಯೋ ಹಸಿರೋ ಎಂದು ಮಧ್ಯಾಹ್ನವಿಡೀ ಕಿತ್ತಾಡುತ್ತಿದ್ದರು. ಒಂದು ಸಲ ತಡೆಯಲಾರದೆ ಮೇಲೆ ಹೋಗಿ, "ಆ ಬಟ್ಟೆಗೆ ನೀಲಿ ಅಂತಾನೂ ಅಂತಾರೆ, ಹಸಿರು ಅಂತಾನೂ ಅಂತಾರೆ, ಈಗ ಊಟಕ್ಕೆ ಏಳ್ತೀರಾ?" ಎಂದು ಗದರಿದೆ. ಇಬ್ಬರೂ ನನ್ನನ್ನು ಶತ್ರುವನ್ನು ನೋಡುವಂತೆ ನೋಡಿದರು.

ಅಂಗಿಯ ಬಣ್ಣ ಮೇಷ್ಟ್ರ ಚಿಂತೆ. ಅಣ್ಣನಿಗೆ ಬೇಕಾದದ್ದು ಆರನೇ ರೀಲು, ಮೆಟ್ಟಿಲಿನ ರೀಲು.

ಪ್ರಿಂಟು ಸಿಕ್ಕಿದ್ದು ಯಾರೂ ಎಣಿಸದ ಜಾಗದಲ್ಲಿ. ಮುಚ್ಚಿಹೋದ ಒಂದು ಥಿಯೇಟರಿನ ಪ್ರೊಜೆಕ್ಟರ್ ಆಪರೇಟರು ತೀರಿಕೊಂಡಿದ್ದರು. ಅವರ ಹೆಂಡತಿ, ವಯಸ್ಸಾದ ಅಜ್ಜಿ, ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಗಂಡನ ಡಬ್ಬಗಳನ್ನು ಹಾಗೇ ಬಿಟ್ಟಿದ್ದರು. ಒಂದರ ಮುಚ್ಚಳ ಸೊಟ್ಟ, ಇನ್ನೊಂದಕ್ಕೆ ಮುಚ್ಚಳವೇ ಇಲ್ಲ. ಒಂದರ ಮೇಲೆ ಹೂವಿನ ಕುಂಡ ಕೂತಿತ್ತು. "ತಗೊಂಡ್ಹೋಗಪ್ಪಾ, ನಂಗೆ ಪೊರಕೆ ಇಡೋಕೆ ಜಾಗ ಆಗುತ್ತೆ" ಎಂದರಂತೆ. ಅಷ್ಟು ವರ್ಷ ಧೂಳಲ್ಲಿ ಬಿದ್ದಿದ್ದಕ್ಕೆ ಅಣ್ಣನೂ ಮೇಷ್ಟ್ರೂ ದಾರಿಯುದ್ದಕ್ಕೂ ಹೊಟ್ಟೆ ಉರಿದುಕೊಂಡು ಬಂದರು.

ಆ ದಿನ ಅಣ್ಣ ನನ್ನನ್ನು ಮೇಲೆ ಕರೆದ. ಕೋಣೆಯೆಲ್ಲ ಹುಳಿ ವಾಸನೆ. ಫಿಲ್ಮಿನ ಬಣ್ಣ ಹಾರಿಹೋಗಿ ಎಲ್ಲ ಕೆಂಪು ಕೆಂಪಾಗಿತ್ತು. ಅವನು ಕೈಗವಸು ಹಾಕಿಕೊಂಡು ಆರನೇ ರೀಲಿನ ಸುರುಳಿಯನ್ನು ನಿಧಾನವಾಗಿ ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು, ಅಂಗಡಿಯ ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟ. ಚೌಕಗಳ ಪಕ್ಕದಲ್ಲಿ ಸಣ್ಣ ಕಪ್ಪು ಪಟ್ಟಿ, ಅದರ ನಡುವೆ ನಡುಗುವ ಒಂದು ಬಿಳಿ ಗೆರೆ.

"ಆ ಗೆರೆ ನೋಡು. ಅದೇ ಸೌಂಡು. ಚಿತ್ರದಲ್ಲಿ ಅವಳು ಬಾಯಿ ತೆಗೆಯೋದಕ್ಕೆ ಒಂದು ಮೊಳ ಮುಂಚೇನೇ ಅಚ್ಚಾಗಿರುತ್ತೆ, ಪ್ರೊಜೆಕ್ಟರು ಹಾಗೇ ಓದೋದು. ಇಲ್ಲಿ ನೋಡು, ಅವಳು ಇನ್ನೂ ಸುಮ್ನೆ ಮೆಟ್ಟಿಲು ಹತ್ತಾ ಇದಾಳೆ. ಪಕ್ಕದಲ್ಲಿ ಗೆರೆ ಹೆಂಗೆ ಅಗಲ ಆಯ್ತು ನೋಡು. ನಗ್ತಿರೋದು ಅಮ್ಮ."

ನೋಡಿದೆ. ನಾಯಕಿಗಿಂತ ಮೊದಲೇ ಅಮ್ಮ ನಗುತ್ತಿದ್ದಳು. ಗೆರೆ ಒಮ್ಮೆ ಉಬ್ಬಿ, ಇಳಿದು, ಮತ್ತೆ ಉಬ್ಬಿ, ಕೊನೆಗೆ ಸಣ್ಣಸಣ್ಣ ಹಲ್ಲುಗಳಾಗಿ ಮುಗಿಯುತ್ತಿತ್ತು. ಅಷ್ಟು ದಿನ ಅಣ್ಣನ ಹುಚ್ಚು ಅಂದುಕೊಂಡಿದ್ದ ವಸ್ತು ಅದು, ಆ ಕ್ಷಣ ನನಗೆ ಅನ್ನ ನೀರಿಗಿಂತ ಹೆಚ್ಚಾಗಿ ಬೇಕೆನಿಸಿತು.

"ಇಷ್ಟು ತುಂಡನ್ನ ಈಗಲೇ ಹೇಗಾದ್ರೂ ಮಾಡಿ ಕೇಳಿಸಿಬಿಡೋ ಅಣ್ಣಾ" ಎಂದೆ.

"ಹುಚ್ಚಾ ನಿಂಗೆ? ಒಣಗಿ ಸೆಟೆದುಕೊಂಡಿದೆ, ಪ್ರೊಜೆಕ್ಟರಿಗೆ ಹಾಕಿದ್ರೆ ಪುಡಿ ಆಗುತ್ತೆ. ಮೇಷ್ಟ್ರು ಫೋಟೋ ತೆಗೆಯೋ ಮೆಷಿನ್ ಕಟ್ತಿದಾರೆ, ಹಲ್ಲಿಲ್ಲದ ಗಾಲಿ ಇರೋದು, ಫಿಲ್ಮಿಗೆ ನೋವೇ ಆಗಲ್ಲ. ಅಲ್ಲೀವರೆಗೂ ಇದನ್ನ ಯಾರೂ ಮುಟ್ಟೋ ಹಾಗಿಲ್ಲ. ಇಷ್ಟು ವರ್ಷ ಕಾದಿಲ್ವಾ?"

ಕಾಯುವುದು ನಮ್ಮ ಮನೆಯವರಿಗೆ ಹೊಸದಲ್ಲ. ಸರಿ ಅಂದೆ.

ಮುಟ್ಟಬಾರದು ಎಂದವನು ಆಮೇಲೆ ಅದನ್ನು ಕೂಸಿನ ಹಾಗೆ ಸುತ್ತಿದ. ಗುಂಪಿನವರಿಗೆ ಹಿಂದೆ ಸಿಕ್ಕಿದ್ದ ಪ್ರಿಂಟುಗಳು ಇತ್ತೀಚಿನವು, ಬೇರೆ ಜಾತಿಯ ಫಿಲ್ಮು. ಅವುಗಳಿಗೆ ಧೂಳು ಮತ್ತು ತೇವ ಇವೆರಡೇ ಶತ್ರು, ಗಾಳಿಯಾಡದಂತೆ ಮುಚ್ಚಿಟ್ಟರೆ ನಿಶ್ಚಿಂತೆ. ಅದೇ ಅಭ್ಯಾಸದಂತೆ ಅಣ್ಣನೂ ಮೇಷ್ಟ್ರೂ ಇವುಗಳನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಹೊಸ ಡಬ್ಬಕ್ಕೆ ಹಾಕಿ, ಮುಚ್ಚಳದ ಸುತ್ತ ಟೇಪು ಬಿಗಿದರು. ಆರನೆಯದು ಎಲ್ಲಕ್ಕಿಂತ ಹೆಚ್ಚು ಹುಳಿ ವಾಸನೆ ಹೊಡೆಯುತ್ತಿತ್ತು. ಹಾಗಾಗಿ ಅದಕ್ಕೆ ಹೆಚ್ಚಿನ ಆರೈಕೆ. ಪ್ಲಾಸ್ಟಿಕ್ಕಿನ ಮೇಲೆ ಪ್ಲಾಸ್ಟಿಕ್ಕು, ಟೇಪಿನ ಮೇಲೆ ಟೇಪು, ಅದರ ಮೇಲೆ ನಾನು ಹೊಲಿದುಕೊಟ್ಟ ದಪ್ಪ ಬಟ್ಟೆಯ ಚೀಲ. ಅಣ್ಣ ಎಲ್ಲವನ್ನೂ ಟ್ರಂಕಿಗೆ ತುಂಬಿ ಬೀಗ ಹಾಕಿದ. ಬಿಸಿಲು ನೇರವಾಗಿ ಬೀಳುವ ಮಹಡಿ ಅದು. ನಮಗೆ ಅದು ಹೊಳೆಯಲೇ ಇಲ್ಲ.

ಮೇಷ್ಟ್ರ ಮೆಷಿನ್ನು ಇವತ್ತು ಮುಗಿಯುತ್ತದೆ ನಾಳೆ ಮುಗಿಯುತ್ತದೆ ಎಂದು ಎರಡು ಬೇಸಿಗೆ ಕಳೆಯಿತು. ಆ ಹೊತ್ತಿನಲ್ಲಿ ಅಣ್ಣನಿಗೆ ಒಂದು ಕೆಲಸ ಒಪ್ಪಿಸಿದ್ದರು. ಹಳೆಯ ಪ್ರಿಂಟಿನಲ್ಲಿ ಅಲ್ಲಲ್ಲಿ ಚೌಕಗಳು ಹರಿದುಹೋಗಿರುತ್ತವೆ. ಎಲ್ಲಿ ಎಷ್ಟು ಹೋಗಿದೆ ಎಂದು ತಿಳಿಯಲು ಟಿವಿಗೆ ಬಂದ ಹೊಸ ಪ್ರತಿಯನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬೇಕು. ನಾವು ಹಳೆಯ ಅಂಗಿಯ ಮೇಲಿಟ್ಟು ಹೊಸದನ್ನು ಕತ್ತರಿಸುತ್ತೇವಲ್ಲ, ಹಾಗೆ. ಆರನೇ ರೀಲಿನ ಭಾಗವನ್ನು ಅಣ್ಣ ತಾನೇ ಕೇಳಿ ತೆಗೆದುಕೊಂಡಿದ್ದ. ರಜೆ ಬಂದರೆ ಸಾಕು, ಬೆಳಗಿನಿಂದ ಮಹಡಿಯಿಂದ ಆ ಹೊಸಬಳ ನಗು. ಒಂದು ಸಲ ನಗುವಳು, ನಿಲ್ಲುವಳು, ಮತ್ತೆ ಅದೇ ನಗು, ಮತ್ತೆ ಅರ್ಧ ನಗು, ಮತ್ತೆ ಪೂರ್ತಿ. ಅಳತೆ ಕೊಡಲು ಬಂದವರು ಕತ್ತೆತ್ತಿ ಮೇಲೆ ನೋಡಿ, "ನಿಮ್ಮಣ್ಣನ ಮನೇಲಿ ಯಾರೋ ಬಂದಿರೋ ಹಾಗಿದೆ" ಎಂದು ಕಣ್ಣು ಮಿಟುಕಿಸುತ್ತಿದ್ದರು. ನಾನು ಹೊಲಿಗೆ ಯಂತ್ರವನ್ನು ಇನ್ನೂ ಜೋರಾಗಿ ತುಳಿಯುತ್ತಿದ್ದೆ.

ಕೊನೆಗೂ ಮೆಷಿನ್ನು ತಯಾರಾಯಿತು. ಮೇಷ್ಟ್ರು ಅದನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದರು. ಬೆಳಗ್ಗೆ ಹತ್ತರ ಹೊತ್ತು. ನಾನು ಅಂಗಡಿಯ ಬಾಗಿಲೆಳೆದು ಮೇಲೆ ಹೋಗಿ ಮೂಲೆಯಲ್ಲಿ ನಿಂತೆ. ಅಣ್ಣ ಟ್ರಂಕಿನ ಬೀಗ ತೆಗೆದ. ಮೊದಲ ಡಬ್ಬದ ಟೇಪು ಕಿತ್ತದ್ದೇ ತಡ, ಮೂಗಿಗೆ ಹೊಡೆದ ಘಾಟಿಗೆ ಮೇಷ್ಟ್ರು ಕೆಮ್ಮುತ್ತ ಕಿಟಕಿ ತೆರೆದರು. ಆ ರೀಲು ಸೊಟ್ಟಗಾಗಿತ್ತು, ಆದರೆ ಬಿಚ್ಚಿಕೊಂಡಿತು. ಎರಡನೆಯದೂ ಬಿಚ್ಚಿಕೊಂಡಿತು. ಅಣ್ಣನಿಗೆ ತಾಳ್ಮೆ ಉಳಿಯಲಿಲ್ಲ. ನಡುವಿನವನ್ನು ಬದಿಗೆ ಸರಿಸಿ ಆರನೆಯದನ್ನು ಎತ್ತಿಕೊಂಡ. ಚೀಲ ತೆಗೆದ, ಟೇಪು ತೆಗೆದ, ಪ್ಲಾಸ್ಟಿಕ್ಕು ತೆಗೆದ, ಇನ್ನೊಂದು ಪ್ಲಾಸ್ಟಿಕ್ಕು ತೆಗೆದ.

ಒಳಗಿದ್ದದ್ದು ಫಿಲ್ಮಾಗಿರಲಿಲ್ಲ. ಸುರುಳಿ ಸುರುಳಿಗೆ ಅಂಟಿಕೊಂಡು ಒಂದೇ ಗಟ್ಟಿಯಾಗಿತ್ತು, ಮೇಲೆಲ್ಲ ಬಿಳಿ ಪುಡಿ. ಅಣ್ಣ ಅಂಚನ್ನು ಉಗುರಿನಿಂದ ಎಬ್ಬಿಸಲು ನೋಡಿದ. ಬಂದದ್ದು ಬರೀ ಪಾರದರ್ಶಕ ಪಟ್ಟಿ. ಚಿತ್ರವೂ ಗೆರೆಯೂ ಹೊಟ್ಟು ಹೊಟ್ಟಾಗಿ ಅವನ ಕೈಗವಸಿನ ಮೇಲೆ ಉದುರಿದವು.

"ನಿಲ್ಸಿ, ನಿಲ್ಸಿ" ಎಂದರು ಮೇಷ್ಟ್ರು.

ಅವನು ನಿಲ್ಲಿಸಲಿಲ್ಲ. ಇನ್ನೊಂದು ಕಡೆಯಿಂದ ಎಬ್ಬಿಸಿದ, ಮತ್ತೊಂದು ಕಡೆಯಿಂದ ಎಬ್ಬಿಸಿದ. ಕೊನೆಗೆ ನಾನೇ ಹೋಗಿ ಅವನ ಕೈ ಹಿಡಿದುಕೊಂಡೆ.

ಮೇಷ್ಟ್ರು ಅಲ್ಲಿ ಇಲ್ಲಿ ಫೋನು ಮಾಡಿ ವಿಚಾರಿಸಿದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಆ ಹಳೆಯ ಜಾತಿಯ ಫಿಲ್ಮು ತನ್ನೊಳಗಿಂದಲೇ ಹುಳಿ ಬಿಡುತ್ತದಂತೆ. ಆ ಹುಳಿ ಗಾಳಿ ಹೊರಗೆ ಹೋಗುತ್ತಿದ್ದರೆ ನಿಧಾನಕ್ಕೆ ಸಾಯುತ್ತದೆ, ಒಳಗೇ ಕೂಡಿಹಾಕಿದರೆ ಅದೇ ಹುಳಿ ಅದನ್ನು ತಿಂದುಹಾಕುತ್ತದೆ. ಬಿಸಿಲಿದ್ದರೆ ಇನ್ನೂ ಬೇಗ. ಅಂದರೆ ಆ ಅಜ್ಜಿಯ ಸೊಟ್ಟ ಮುಚ್ಚಳವೇ ಅದನ್ನು ಅಷ್ಟು ವರ್ಷ ಉಳಿಸಿತ್ತು. ಧೂಳಲ್ಲಿ ಬಿದ್ದಿದ್ದು ಬದುಕಿತ್ತು, ನಮ್ಮ ಆರೈಕೆಗೆ ಸಿಕ್ಕಿ ಸತ್ತಿತು. ಅತಿಯಾದರೆ ಅಮೃತವೂ ವಿಷ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ನಮ್ಮಣ್ಣನ ಎದುರಿಗೆ ಆ ಮಾತು ಆಡುವ ಧೈರ್ಯ ನನಗೆ ಇವತ್ತಿಗೂ ಇಲ್ಲ.

ಇನ್ನೊಂದು ಪ್ರಿಂಟು ಎಲ್ಲಾದರೂ ಇದೆಯೇ ಎಂದು ಗುಂಪಿನವರು ಸಾಕಷ್ಟು ಹುಡುಕಿದರು. ಇರಲಿಲ್ಲ. ಮಿಕ್ಕ ರೀಲುಗಳನ್ನು ಹೇಗೋ ಎತ್ತಿ, ಬಣ್ಣ ಸರಿಪಡಿಸಿ, ಆರನೆಯದರ ಜಾಗಕ್ಕೆ ಟಿವಿಯ ಪ್ರತಿಯನ್ನೇ ತೇಪೆ ಹಾಕಿ, ಒಂದು ಬಾಡಿಗೆ ಸಭಾಂಗಣದಲ್ಲಿ ತೋರಿಸಿದರು. ಜನ ಚಪ್ಪಾಳೆ ತಟ್ಟಿದರು. ನಾಯಕಿಯ ಅಂಗಿ ನೀಲಿ ಎಂದು ತೀರ್ಮಾನವಾಗಿತ್ತು. ಮೇಷ್ಟ್ರು ಮುಂದೆ ನಿಂತು ಅಣ್ಣನ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿದರು. ಅವನು ಎದ್ದು ಕೈಮುಗಿದು ಕೂತ. ಮೆಟ್ಟಿಲು ಬಂದಾಗ ನಾನು ತಲೆ ಬಗ್ಗಿಸಿ ಕೂತಿದ್ದೆ, ಅವನು ತೆರೆಯನ್ನೇ ನೋಡುತ್ತಿದ್ದ.

ಅದಾದ ಮೇಲೆ ಮಹಡಿಯಿಂದ ಸದ್ದೇ ಇಲ್ಲ. ಅಂಗಡಿಗೆ ಹೋಗುತ್ತಾನೆ, ಬರುತ್ತಾನೆ, ಕೊಟ್ಟದ್ದು ಉಣ್ಣುತ್ತಾನೆ. ಹುಚ್ಚು ಬಿಟ್ಟಿತಲ್ಲ ಎಂದು ನಮ್ಮ ಯಜಮಾನರು ಸಮಾಧಾನಪಟ್ಟರು. ನನಗೆ ಮಾತ್ರ ಆ ಬಿಳಿ ಗೆರೆ ಕಣ್ಣ ಮುಂದಿನಿಂದ ಹೋಗಲೊಲ್ಲದು. ಒಂದು ಮಧ್ಯಾಹ್ನ ಊಟದ ತಟ್ಟೆ ತರುವ ನೆಪದಲ್ಲಿ ಮೇಲೆ ಹೋದೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳದಿದ್ದದ್ದನ್ನು ಕೇಳಿದೆ. ಯಾಕೆ ಕೇಳಿರಲಿಲ್ಲ ಎಂದರೆ, ಸಿನಿಮಾದಲ್ಲಿ ಹೇಗೂ ಇದೆಯಲ್ಲ ಎಂಬ ಭರವಸೆ.

"ರೀಲು ಹೋದ್ರೆ ಹೋಗ್ಲಿ ಬಿಡು ಅಣ್ಣಾ. ನೀನು ನಿನ್ನ ಕಿವಿಯಾರೆ ಕೇಳಿದೀಯಲ್ಲ. ಮನೇಲೂ ಕೇಳಿದೀಯ, ಥಿಯೇಟರಲ್ಲೂ ಕೇಳಿದೀಯ. ನೀನೇ ನಕ್ಕು ತೋರಿಸು. ಹೆಂಗಿತ್ತು ಅಂತ ನಂಗೆ ಗೊತ್ತಾದ್ರೆ ಸಾಕು."

ಅವನು ನಗುತ್ತಾನೆ, ಇಲ್ಲ ಬೈಯುತ್ತಾನೆ ಅಂದುಕೊಂಡಿದ್ದೆ. ಅವನು ಕಣ್ಣು ಮುಚ್ಚಿಕೊಂಡ. ಬಾಯಿ ಸ್ವಲ್ಪ ತೆರೆದ, ಮತ್ತೆ ಮುಚ್ಚಿದ. ನಾನು ತಟ್ಟೆ ಹಿಡಿದುಕೊಂಡು ನಿಂತೇ ಇದ್ದೆ.

"ಬರ್ತಿಲ್ಲ ಪುಟ್ಟಿ" ಎಂದ. "ನೆನಪು ಮಾಡ್ಕೊಳಕ್ಕೆ ಹೋದ್ರೆ ಅವಳದೇ ಬರುತ್ತೆ."

"ಯಾರದು?"

"ಆ ಹೊಸಬಳದು. ಅದನ್ನೇ ಕೇಳೀ ಕೇಳೀ… ಅಮ್ಮ ಬಾಗಿಲಲ್ಲಿ ನಿಂತಿರೋದು ಕಾಣಿಸುತ್ತೆ, ನಗೋದೂ ಕಾಣಿಸುತ್ತೆ. ಸದ್ದು ಮಾತ್ರ ಅವಳದು. ಆವತ್ತು ಮೆಷಿನ್ ತರೋ ಮುಂಚೇನೇ ಹೀಗಾಗಿತ್ತು. ರೀಲಲ್ಲಿ ಇದೆಯಲ್ಲ, ಕೇಳಿದ್ರೆ ಸರಿಹೋಗುತ್ತೆ ಅಂತ ಸುಮ್ನಿದ್ದೆ."

ಅವನು ಎದ್ದು ಮಂಚದ ಮೇಲಿನ ಕಂಪ್ಯೂಟರು ಹಚ್ಚಿದ. ಅದರ ಮೇಲೆ ಧೂಳು ಕೂತಿತ್ತು, ಅಂಗಿಯ ತೋಳಿನಲ್ಲೇ ಒರೆಸಿದ.

"ಕೂತ್ಕೋ" ಎಂದ. "ನೀನು ಬೇಕಾದ್ರೆ ಇದನ್ನೇ ಅಮ್ಮ ಅಂದ್ಕೋ. ನಿಂಗೆ ವ್ಯತ್ಯಾಸ ಗೊತ್ತಾಗಲ್ಲ."

ಗೀರಿದ್ದರೆ ಗೀರೇ ಬೇಕು ಎನ್ನುತ್ತಿದ್ದ ನಮ್ಮಣ್ಣ ಹೇಳಿದ ಮಾತು ಅದು. ಎದ್ದು ಹೋಗಿಬಿಡಬೇಕು ಅನಿಸಿತು. ಹೋಗದೆ ನೆಲದ ಮೇಲೆ ಅವನ ಪಕ್ಕ ಕೂತೆ. ನಾಯಕಿ ಮೆಟ್ಟಿಲು ಹತ್ತಿದಳು, ತಿರುಗಿದಳು. ಯಾರೋ ಒಬ್ಬಳು ನಕ್ಕಳು. ಅಣ್ಣ ತೆರೆಯನ್ನು ನೋಡಲಿಲ್ಲ, ನನ್ನ ಮುಖ ನೋಡುತ್ತಿದ್ದ.

"ಅಮ್ಮ ಚೆನ್ನಾಗಿ ನಗ್ತಿದ್ಲು ಅಲ್ವಾ" ಎಂದೆ.

"ಹೂಂ" ಎಂದ. "ಚೆನ್ನಾಗಿ ನಗ್ತಿದ್ಲು."